ಮೈಗೆ ಪಾಠ ಹೇಳುವ ಬಗೆ

ಓದುವವನಿಗೂ ಓಡುವವನಿಗೂ ನಡುವೆ ಇರುವುದು ಒಂದಕ್ಷರದ ಭೇದ. ಆದರೆ ನಮ್ಮ ಮನೆಗಳಲ್ಲಿ ಈ ಒಂದಕ್ಷರವನ್ನು ದಾಟುವುದು ಬಹುಕಾಲ ಸಮುದ್ರವನ್ನು ದಾಟಿದಷ್ಟು ಕಷ್ಟವಾಗಿತ್ತು. ಓದುವ ಹುಡುಗ ಓಡಲಾರ, ಓಡುವ ಹುಡುಗನಿಗೆ ಓದು ಹತ್ತದು ಎಂದು ಹಿರಿಯರು ತೀರ್ಮಾನಿಸಿಬಿಟ್ಟಿದ್ದರು. ಈಗ ಕಾಲ ಬೇರೆಯಾಗಿದೆ. ಮಗುವಿಗೆ ಏಳೆಂಟು ವರ್ಷ ತುಂಬುತ್ತಲೇ ಒಂದು ಹೆಗಲಿಗೆ ಪುಸ್ತಕದ ಚೀಲವನ್ನೂ ಇನ್ನೊಂದು ಹೆಗಲಿಗೆ ಆಟದ ಚೀಲವನ್ನೂ ತೂಗುಹಾಕಿ ಬೆಳಗಿನ ಜಾವದಲ್ಲಿಯೇ ಬಯಲಿಗೆ ಕರೆದೊಯ್ಯುವ ತಂದೆತಾಯಿಗಳನ್ನು ನಮ್ಮ ಊರಿನಲ್ಲಿಯೂ ಕಾಣುತ್ತೇವೆ. ಇದು ಸಂತೋಷದ ವಿಷಯವೇ ಸರಿ. ಆದರೆ ಗಣಿತವನ್ನು ಹೇಗೆ ಕಲಿಸುತ್ತಾರೆ, ಇಂಗ್ಲಿಷನ್ನು ಯಾರು ಕಲಿಸುತ್ತಾರೆ ಎಂದು ಶಾಲೆಯ ಬಾಗಿಲಿನಲ್ಲಿ ನಿಂತು ವಿಚಾರಿಸುವ ಇದೇ ತಂದೆತಾಯಿಗಳು ಆಟವನ್ನು ಹೇಗೆ ಕಲಿಸುತ್ತಾರೆ ಎಂದು ವಿಚಾರಿಸುವುದು ಅಪೂರ್ವ. ಮೈಗೂ ಪಾಠವುಂಟು, ಆ ಪಾಠಕ್ಕೂ ಕ್ರಮವುಂಟು, ಕ್ರಮ ತಪ್ಪಿದರೆ ಅನರ್ಥವೂ ಉಂಟು. ಇಷ್ಟನ್ನು ಸ್ವಲ್ಪ ವಿವರವಾಗಿ ಹೇಳಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಸಂಸ್ಕೃತ ಪಂಡಿತನಿಗೆ ಆಟದ ವಿಷಯದಲ್ಲಿ ಏನು ಅಧಿಕಾರವೆಂದು ವಾಚಕರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ನಾನು ಪಾಠಶಾಲೆಯಲ್ಲಿ ಕಾವ್ಯ ವ್ಯಾಕರಣಗಳನ್ನು ಓದಿ, ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿದವನು. ನಾನಿದ್ದ ಶಾಲೆಯಲ್ಲಿ ಅನೇಕ ವರ್ಷ ವ್ಯಾಯಾಮದ ಉಪಾಧ್ಯಾಯರೇ ಇರಲಿಲ್ಲ. ತಾಲ್ಲೂಕಿನ ಕ್ರೀಡಾಕೂಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವ ಕೆಲಸ ಯಾರ ಪಾಠಗಳು ಕಡಮೆಯೋ ಅವರ ಪಾಲಿಗೆ ಬರುತ್ತಿತ್ತು. ಸಂಸ್ಕೃತದ ಪಾಠಗಳು ಎಲ್ಲಕ್ಕಿಂತ ಕಡಮೆ. ಹೀಗೆ ಪಂಚೆಯುಟ್ಟು ಕೊರಳಿಗೆ ಸೀಟಿಯನ್ನು ನೇತುಹಾಕಿಕೊಂಡು ಬಯಲಿನ ಅಂಚಿನಲ್ಲಿ ನಿಲ್ಲುವ ಯೋಗ ನನಗೆ ಒದಗಿತು. ನಿಂತು ನೋಡುತ್ತ ನೋಡುತ್ತ, ಇಲ್ಲಿ ನಡೆಯುತ್ತಿರುವುದೂ ಒಂದು ಅಧ್ಯಯನವೇ ಎಂಬುದು ಮನಸ್ಸಿಗೆ ಬಂದಿತು.

ವೇದಾಧ್ಯಯನದ ಕ್ರಮವನ್ನು ಬಲ್ಲವರಿಗೆ ನನ್ನ ಮಾತು ಸುಲಭವಾಗಿ ತಿಳಿದೀತು. ಸಂಹಿತೆಯಾಗಿ ಕೂಡಿಕೊಂಡಿರುವ ಮಂತ್ರವನ್ನು ಮೊದಲು ಪದಪದವಾಗಿ ಬಿಡಿಸುತ್ತಾರೆ, ಅದು ಪದಪಾಠ. ಆಮೇಲೆ ಒಂದನೆಯ ಪದವನ್ನು ಎರಡನೆಯದರೊಡನೆ, ಎರಡನೆಯದನ್ನು ಮೂರನೆಯದರೊಡನೆ ಜೋಡಿಸಿ ಹೇಳಿಸುತ್ತಾರೆ, ಅದು ಕ್ರಮಪಾಠ. ಅದೇ ಜೋಡಿಯನ್ನು ಮುಂದಕ್ಕೂ ಹಿಂದಕ್ಕೂ ಹೆಣೆದರೆ ಜಟೆ. ಇನ್ನೂ ಮುಂದೆ ಹೋದರೆ ಘನ. ಬಿಡಿಸುವುದು, ಜೋಡಿಸುವುದು, ಜೋಡಣೆಯ ಸಂದಿನಲ್ಲಿ ಸ್ವರ ಕೆಡದಂತೆ ಕಾಯುವುದು: ಇಷ್ಟರಲ್ಲಿ ಸಾವಿರಾರು ವರ್ಷಗಳ ಕಂಠಪಾಠದ ಗುಟ್ಟು ಅಡಗಿದೆ. ತಪ್ಪಾದಾಗ ಗುರುಗಳು “ಇನ್ನೂ ಚೆನ್ನಾಗಿ ಹೇಳು” ಎಂದು ಗದರುತ್ತಿರಲಿಲ್ಲ. “ಮೂರನೆಯ ಅಕ್ಷರ ದೀರ್ಘ” ಎನ್ನುತ್ತಿದ್ದರು. ಇನ್ನೂ ಚೆನ್ನಾಗಿ ಎಂಬ ಮಾತಿನಿಂದ ಶಿಷ್ಯನಿಗೆ ಭಯವುಂಟಾದೀತೇ ಹೊರತು ಜ್ಞಾನವುಂಟಾಗದು.

ಆಟದ ಬಯಲಿನಲ್ಲಿ ನಾನು ಕೇಳಿದ್ದು ಬಹುಪಾಲು ಈ ‘ಇನ್ನೂ ಚೆನ್ನಾಗಿ’ಯನ್ನೇ. ಇನ್ನೂ ಜೋರಾಗಿ ಓಡು, ಇನ್ನೂ ಮೇಲಕ್ಕೆ ಹಾರು, ಇನ್ನೂ ವೇಗವಾಗಿ ಎಸೆ! ಎಲ್ಲಿ ತಪ್ಪಿತೆಂದು ಹೇಳಬೇಕಾದರೆ ಮೊದಲು ಕಾಣಬೇಕು. ಕಾಣುವುದು ಕಣ್ಣಿದ್ದವರಿಗೆಲ್ಲ ಸಾಧ್ಯವೆಂದು ತಿಳಿಯಬಾರದು. ನಾಗಾಲೋಟದಲ್ಲಿ ಓಡುವ ಕುದುರೆಯನ್ನು ಮನುಷ್ಯರು ಎಷ್ಟೋ ಶತಮಾನಗಳಿಂದ ನೋಡಿದ್ದರು. ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿಕೊಂಡು ನೆಲ ಬಿಟ್ಟ ಕುದುರೆಯನ್ನು ಚಿತ್ರಗಾರರು ಬರೆದೂ ಇದ್ದರು. ೧೮೭೮ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮೈಬ್ರಿಡ್ಜ್ ಎಂಬಾತನು ಸಾಲಾಗಿ ಕ್ಯಾಮೆರಾಗಳನ್ನಿಟ್ಟು ಕ್ಷಣಕ್ಷಣದ ಚಿತ್ರಗಳನ್ನು ತೆಗೆದನು. ಕುದುರೆಯ ನಾಲ್ಕು ಕಾಲುಗಳೂ ನೆಲವನ್ನು ಬಿಡುವುದು ನಿಜವಾಯಿತು. ಆದರೆ ಚಾಚಿದಾಗಲ್ಲ, ಹೊಟ್ಟೆಯ ಕೆಳಗೆ ಮಡಿಸಿಕೊಂಡಾಗ ಎಂದು ಗೊತ್ತಾಯಿತು. ಅಂದು ಅಷ್ಟೊಂದು ಕ್ಯಾಮೆರಾಗಳು ಮಾಡಿದ ಕೆಲಸವನ್ನು ಇಂದು ಹುಡುಗರ ಜೇಬಿನಲ್ಲಿರುವ ಮೊಬೈಲ್ ಮಾಡುತ್ತದೆ. ವೇಗದ ಬೌಲರೊಬ್ಬನ ಒಂದು ಎಸೆತವನ್ನು ಅದರಲ್ಲಿ ನಿಧಾನವಾಗಿ ನಡೆಯಿಸಿ ನೋಡಿದರೆ ಪದಪಾಠ ತಾನಾಗಿ ಕಾಣುತ್ತದೆ: ಓಟ, ನೆಗೆತ, ಹಿಂಗಾಲು ಊರುವುದು, ಮುಂಗಾಲು ಊರುವುದು, ಚೆಂಡನ್ನು ಬಿಡುವುದು, ಬಿಟ್ಟಮೇಲೆ ಓಟವನ್ನು ಇಳಿಸುವುದು.

ಇಲ್ಲಿ ವ್ಯಾಕರಣದ ಒಂದು ಮಾತು ನೆನಪಾಗುತ್ತದೆ. ಸಂಧಿಯಲ್ಲಿ ಒಂದು ಅಕ್ಷರ ಬದಲಾದರೆ ಅದಕ್ಕೆ ಕಾರಣ ಅನೇಕ ವೇಳೆ ಪಕ್ಕದ ಅಕ್ಷರದಲ್ಲಿರುತ್ತದೆ. ಮೈಯ ಚಲನೆಯಲ್ಲಿಯೂ ಹಾಗೆಯೇ. ಚೆಂಡು ದಾರಿ ತಪ್ಪಿದ್ದು ಕೈಯಲ್ಲಿ ಕಾಣುತ್ತದೆ. ಕಾರಣ ಅದಕ್ಕೆ ಮುಂಚೆ ಕಾಲು ಊರಿದ ರೀತಿಯಲ್ಲಿರಬಹುದು. ಕೈಯನ್ನು ಮಾತ್ರ ತಿದ್ದುವ ಗುರು ಕಾರ್ಯವನ್ನು ತಿದ್ದಿ ಕಾರಣವನ್ನು ಉಳಿಸುತ್ತಾನೆ.

ಹಾಗೆಂದು ಎಲ್ಲರ ಮೈಯನ್ನೂ ಒಂದೇ ಅಚ್ಚಿಗೆ ಹಾಕಬೇಕೆಂದು ಯಾರೂ ಭಾವಿಸಬಾರದು. ೧೯೨೦ರ ದಶಕದಲ್ಲಿ ಮಾಸ್ಕೋ ನಗರದ ಬರ್ನ್‌ಸ್ಟೈನ್ ಎಂಬ ವಿಜ್ಞಾನಿಯು ಉಳಿಯ ಮೇಲೆ ಸುತ್ತಿಗೆಯಿಂದ ಹೊಡೆಯುವ ನುರಿತ ಕೆಲಸಗಾರರ ಕೈಯ ಚಲನೆಯನ್ನು ಅಳೆದನು. ಸುತ್ತಿಗೆ ಬೀಳುವ ಜಾಗ ಬದಲಾಗುತ್ತಿರಲಿಲ್ಲ; ಆದರೆ ಹೆಗಲು, ಮೊಣಕೈ, ಮಣಿಕಟ್ಟುಗಳು ಹಿಡಿಯುವ ದಾರಿ ಪ್ರತಿ ಪೆಟ್ಟಿಗೂ ಅಷ್ಟಿಷ್ಟು ಬೇರೆಯಾಗುತ್ತಿತ್ತು. ಅಭ್ಯಾಸವೆಂದರೆ ಒಂದೇ ಉತ್ತರವನ್ನು ಉರುಹೊಡೆಯುವುದಲ್ಲ, ಒಂದೇ ಲೆಕ್ಕವನ್ನು ಪ್ರತಿಸಲವೂ ಹೊಸದಾಗಿ ಬಿಡಿಸುವುದು ಎಂಬ ಅಭಿಪ್ರಾಯಕ್ಕೆ ಆತನು ಬಂದನು. ೧೯೬೮ರ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ ಅಮೆರಿಕದ ಡಿಕ್ ಫಾಸ್‌ಬರಿ ಎತ್ತರ ಜಿಗಿತದ ಕೋಲಿನ ಮೇಲೆ ಬೆನ್ನು ಕೆಳಗಾಗಿ ಹಾರಿ, ೨.೨೪ ಮೀಟರು ದಾಟಿ ಚಿನ್ನದ ಪದಕವನ್ನು ಪಡೆದನು. ಹೊಟ್ಟೆ ಕೆಳಗಾಗಿ ದಾಟುವ ಅಂದಿನ ರೂಢಿಯ ಕ್ರಮ ಅವನಿಗೆ ಒಗ್ಗಿರಲಿಲ್ಲ. ಬೆನ್ನನ್ನು ಬಿಲ್ಲಿನಂತೆ ಬಾಗಿಸಿದರೆ ಮೈಯ ಭಾಗಗಳು ಒಂದೊಂದಾಗಿ ಕೋಲನ್ನು ದಾಟುತ್ತವೆ. ಗುರುತ್ವಕೇಂದ್ರವು ಕೋಲಿನ ಕೆಳಗೇ ಹಾಯ್ದುಹೋಗಬಹುದು. ಬೀಳುವ ಕಡೆ ಮರಳಿನ ಬದಲು ಮೆತ್ತನೆಯ ಹಾಸು ಬಂದಿದ್ದ ಕಾಲವಾದುದರಿಂದ ಬೆನ್ನ ಮೇಲೆ ಬಿದ್ದೂ ಬದುಕಿಕೊಂಡನು!

ಅಷ್ಟು ದೂರ ಹೋಗುವುದೂ ಬೇಡ. ೧೯೪೫ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರರ ಬಲಗೈ ಬಾಲ್ಯದಲ್ಲಿ ಪೋಲಿಯೋದಿಂದ ಸೊರಗಿತ್ತು. ಆ ಕೈಯಿಂದಲೇ ಅವರು ಸ್ಪಿನ್ ಬೌಲರಿಗೆ ಅಪರೂಪವಾದ ವೇಗದಲ್ಲಿ ಲೆಗ್‌ಸ್ಪಿನ್ ಹಾಕಿದರು. ೧೯೭೧ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ೩೮ ರನ್ನಿಗೆ ೬ ವಿಕೆಟ್ ಪಡೆದು, ಇಂಗ್ಲೆಂಡಿನ ನೆಲದಲ್ಲಿ ಭಾರತದ ಮೊದಲನೆಯ ಸರಣಿ ಜಯಕ್ಕೆ ಕಾರಣರಾದರು. ೫೮ ಟೆಸ್ಟ್ ಪಂದ್ಯಗಳಲ್ಲಿ ೨೪೨ ವಿಕೆಟ್. ಅಚ್ಚಿನ ಪ್ರಕಾರ ತಿದ್ದುವ ಗುರುವೊಬ್ಬನು ಮೊದಲಿಗೇ ಗಂಟುಬಿದ್ದಿದ್ದರೆ ಆ ಕೈಯನ್ನು ಬಯಲಿನಿಂದ ಹೊರಗೆ ಕಳುಹಿಸಿಬಿಡುತ್ತಿದ್ದನೋ ಏನೋ. ಆದುದರಿಂದ ಪರೀಕ್ಷಿಸುವಾತನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು: ಈ ರೀತಿಯಿಂದ ಕೆಲಸ ಸಾಧಿಸುತ್ತದೆಯೆ? ಈ ರೀತಿಯಿಂದ ಮೈಗೆ ಕೇಡಾಗುತ್ತದೆಯೆ? ಸಾಧಿಸುವುದಾಗಿ, ಕೇಡೂ ಇಲ್ಲದಿದ್ದರೆ ವೈಚಿತ್ರ್ಯವನ್ನು ಹಾಗೆಯೇ ಬಿಡತಕ್ಕದ್ದು.

ಇನ್ನು ಅಭ್ಯಾಸದ ಪ್ರಮಾಣದ ವಿಚಾರ. ನಮ್ಮ ಪೂರ್ವಿಕರು ಇದನ್ನು ಯೋಚಿಸದೆ ಇರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಅಲ್ಲಿ ಮಲ್ಲರನ್ನು ವಯಸ್ಸು ಬಲಗಳಿಗೆ ತಕ್ಕಂತೆ ವಿಂಗಡಿಸಿದ್ದಾನೆ. ಅವರ ಆಹಾರವನ್ನು ಹೇಳಿದ್ದಾನೆ. ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಎಂದು ಸಾಮುಗಳನ್ನು ಬೇರೆಬೇರೆಯಾಗಿ ಹೆಸರಿಸಿದ್ದಾನೆ. ಭಾರವೆತ್ತುವುದೊಂದೇ ಸಾಲದು, ತಿರುಗಾಟವೂ ಬೇಕು, ನೀರೂ ಬೇಕು, ಕಂಬವೂ ಬೇಕು ಎಂಬ ತಿಳಿವಳಿಕೆ ಅದರಲ್ಲಿದೆ. ವಾಗ್ಭಟನಾದರೋ ಬಲವುಳ್ಳವನು ಕೂಡ ಅರ್ಧಶಕ್ತಿಯಿಂದಲೇ ವ್ಯಾಯಾಮ ಮಾಡಬೇಕೆಂದೂ, ಅದೂ ಚಳಿಗಾಲ ವಸಂತಗಳಲ್ಲಿ ಮಾತ್ರ, ಉಳಿದ ಕಾಲದಲ್ಲಿ ಇನ್ನೂ ಕಡಮೆಯೆಂದೂ ವಿಧಿಸಿದ್ದಾನೆ. ಉಸಿರು ಬಾಯಿಗೆ ಬರುವುದು ಅರ್ಧಬಲದ ಗುರುತೆಂದು ಸುಶ್ರುತ ಸಂಹಿತೆ ಹೇಳುತ್ತದೆ. ಇದು ಆರೋಗ್ಯವನ್ನು ಬಯಸುವವರಿಗೆ ಹೇಳಿದ ಮಾತು. ಸ್ಪರ್ಧೆಗೆ ಇಳಿಯುವವನಿಗೆ ಅರ್ಧಬಲ ಸಾಲದೆಂಬುದನ್ನು ಒಪ್ಪಬೇಕು. ಆದರೆ ಬಲಕ್ಕೆ ಅಳತೆಯುಂಟು, ಅಳತೆಗೆ ಗುರುತುಂಟು, ಗುರುತು ಋತುವಿನೊಡನೆ ಬದಲಾಗುತ್ತದೆ ಎಂಬ ಮೂರು ಮಾತುಗಳು ಇಂದಿಗೂ ಸಲ್ಲುತ್ತವೆ.

ಈಚಿನವರು ಇದನ್ನೇ ಬೇರೆ ದಾರಿಯಿಂದ ಕಂಡುಕೊಂಡರು. ಕೆನಡಾ ದೇಶದ ಮಾಂಟ್ರಿಯಲ್ಲಿನಲ್ಲಿ ಸಂಶೋಧನೆ ಮಾಡುತ್ತಿದ್ದ ಹಾನ್ಸ್ ಸೆಲ್ಯೆ ೧೯೩೬ರಲ್ಲಿ ಪ್ರಕಟಿಸಿದ ವಿಷಯವಿದು: ದೇಹದ ಮೇಲೆ ಒತ್ತಡ ಬಿದ್ದಾಗ ಮೊದಲು ಕಳವಳ, ಆಮೇಲೆ ಎದುರಿಸಿ ನಿಲ್ಲುವ ಸ್ಥಿತಿ, ಒತ್ತಡ ಬಿಡದೆ ಮುಂದುವರಿದರೆ ಬಳಲಿ ಕುಸಿಯುವ ಸ್ಥಿತಿ. ತರಬೇತಿಯ ರಹಸ್ಯವೆಲ್ಲ ಎರಡನೆಯ ಸ್ಥಿತಿಯನ್ನು ಬೆಳೆಸಿ ಮೂರನೆಯದನ್ನು ತಪ್ಪಿಸುವುದರಲ್ಲಿದೆ. ೧೯೬೦ರ ದಶಕದಲ್ಲಿ ಸೋವಿಯತ್ ದೇಶದ ಮಾತ್ವೇಯೆವ್ ವರ್ಷವನ್ನು ಸಿದ್ಧತೆ, ಸ್ಪರ್ಧೆ, ಬಿಡುವು ಎಂದು ಪಾಲು ಮಾಡಿ ಅಭ್ಯಾಸವನ್ನು ಹಂಚುವ ಪದ್ಧತಿಯನ್ನು ಶಾಸ್ತ್ರವಾಗಿ ಬರೆದನು. ನಮ್ಮ ರೈತನಿಗೆ ಇದು ಹೊಸದಲ್ಲ. ಉಳುವ ಕಾಲ, ಕೊಯ್ಯುವ ಕಾಲ, ಹೊಲವನ್ನು ಬೀಳುಬಿಡುವ ಕಾಲ ಎಂದು ಅವನೂ ವರ್ಷವನ್ನು ಹಂಚುತ್ತಾನೆ. ಪಾಠಶಾಲೆಯಲ್ಲಿ ಪಾಡ್ಯ ಅಷ್ಟಮಿಗಳಂದು ಅನಧ್ಯಾಯವಿರುತ್ತಿತ್ತು. ಹುಡುಗರಾದ ನಮಗೆ ಅದು ಆಟದ ದಿನವಷ್ಟೆ. ಆದರೆ ಕಲಿತದ್ದು ಮನಸ್ಸಿನ ಅಡಿಗೆ ಇಳಿಯುವುದು ಆ ದಿನವೇ ಎಂದು ಗುರುಗಳು ಹೇಳುತ್ತಿದ್ದರು. ಮೈಗೆ ಇದು ಅಕ್ಷರಶಃ ನಿಜ. ಬಲ ಬರುವುದು ಸಾಮು ಮಾಡುವಾಗಲ್ಲ. ಸಾಮು ಮಾಡಿ ಉಂಡು ಮಲಗಿದಾಗ.

ಇಷ್ಟು ಶಾಸ್ತ್ರವನ್ನು ಹೇಳಿದ್ದಕ್ಕೆ ಕಾರಣ ನಮ್ಮ ಬೀದಿಯ ಒಬ್ಬ ಹುಡುಗ. ಕೆಲವು ವರ್ಷಗಳ ಹಿಂದೆ ಅವನಿಗೆ ಹದಿನಾಲ್ಕು ತುಂಬಿತ್ತು. ಒಂದೇ ವರ್ಷದಲ್ಲಿ ಬಿದಿರಿನಂತೆ ಬೆಳೆದು ತಂದೆಯ ಎತ್ತರಕ್ಕೆ ಬಂದಿದ್ದನು. ಬಲಗೈಯಿಂದ ವೇಗವಾಗಿ ಬೌಲ್ ಮಾಡುತ್ತಿದ್ದನು. ಬೆಳಗ್ಗೆ ಒಂದು ತರಬೇತಿ ಕೇಂದ್ರ, ಸಂಜೆ ಶಾಲೆಯ ತಂಡ, ಶನಿವಾರ ಭಾನುವಾರ ಪಂದ್ಯಗಳು. ಒಂದು ದಿನ ಅವನ ತಾಯಿ ನಮ್ಮ ಮನೆಗೆ ಬಂದು, “ಮೇಷ್ಟ್ರೇ, ಮಗ ಏನನ್ನೂ ಹೇಳುವುದಿಲ್ಲ. ಆದರೆ ಅಟ್ಟದ ಮೇಲಿನ ಡಬ್ಬಿಯನ್ನು ತೆಗೆಯಲು ಹಿಂದಕ್ಕೆ ಬಾಗಿದನೆಂದರೆ ಮುಖ ಹಿಂಡುತ್ತಾನೆ. ಇವರಿಗೆ ನೀವೊಂದು ಮಾತು ಹೇಳಿ” ಎಂದರು. ಸೊಂಟಕ್ಕೆ ಸ್ವಲ್ಪ ಮೇಲೆ, ಎಡಗಡೆ ನೋವು. ತಂದೆಗೆ ಹೇಳಿದೆ. “ಕೋಚ್ ಅವರನ್ನು ಕೇಳಿದೆ ಸಾರ್. ನೋವಿಲ್ಲದೆ ಬಲ ಬರುತ್ತದೆಯೇ ಅಂದರು. ಆರು ವಾರದಲ್ಲಿ ಆಯ್ಕೆಯ ಪಂದ್ಯವಿದೆ. ಈ ವರ್ಷ ತಪ್ಪಿದರೆ ಆ ವಯಸ್ಸಿನ ತಂಡದಲ್ಲಿ ಮತ್ತೆ ಅವಕಾಶವಿಲ್ಲ” ಎಂದರು. ಅವರ ಮಾತಿನಲ್ಲಿ ದುರಾಶೆಯಿರಲಿಲ್ಲ. ತಮಗೆ ದೊರೆಯದಿದ್ದುದು ಮಗನಿಗೆ ದೊರೆಯಲಿ ಎಂಬ ಆಸೆಯಿತ್ತು.

ಅಂದು ನಾವಿಬ್ಬರೂ ಒಂದು ಹಾಳೆಯನ್ನು ತೆಗೆದುಕೊಂಡು ಲೆಕ್ಕ ಬರೆದೆವು. ಬೆಳಗ್ಗೆ ಎಷ್ಟು ಚೆಂಡು, ಸಂಜೆ ಎಷ್ಟು, ಪಂದ್ಯದಲ್ಲಿ ಎಷ್ಟು ಎಂದು ಹುಡುಗನನ್ನೇ ಕೂರಿಸಿ ಕೇಳಿದೆವು. ಒಂದೊಂದು ಕಡೆಯದೂ ನೋಡಲು ಅತಿಯೆನಿಸಲಿಲ್ಲ. ಮೂರನ್ನೂ ಕೂಡಿ ಒಂದು ವಾರದ ಮೊತ್ತವನ್ನು ಕೆಳಗೆ ಬರೆದಾಗ ತಂದೆಯವರು ಮಾತಾಡಲಿಲ್ಲ. ಬೆಳಗಿನವರಿಗೆ ಸಂಜೆಯದು ತಿಳಿಯದು. ಸಂಜೆಯವರಿಗೆ ಭಾನುವಾರದ್ದು ತಿಳಿಯದು. ಕೂಡುವ ಕೆಲಸ ಯಾರದೂ ಆಗಿರಲಿಲ್ಲ. ಹುಡುಗನ ಬೆನ್ನುಮೂಳೆ ಮಾತ್ರ ಬಿಡದೆ ಕೂಡುತ್ತಿತ್ತು. ಮರುದಿನವೇ ಮೂಳೆಯ ವೈದ್ಯರಲ್ಲಿಗೆ ಹೋದರು. ಸ್ಕ್ಯಾನ್ ತೆಗೆದಾಗ ಕೆಳಬೆನ್ನಿನ ಒಂದು ಮೂಳೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಕಂಡಿತು. ಕೆಲವು ತಿಂಗಳು ಬೌಲಿಂಗ್ ಕೂಡದು ಎಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದರು.

ವೇಗದ ಬೌಲರು ಮುಂಗಾಲನ್ನು ಊರಿದಾಗ ನೆಲದಿಂದ ಅವನ ತೂಕದ ಹಲವು ಪಟ್ಟು ಬಲ ಮೇಲಕ್ಕೆ ಏರುತ್ತದೆ. ಅದೇ ಕ್ಷಣದಲ್ಲಿ ಬೆನ್ನು ಹಿಂದಕ್ಕೂ ಪಕ್ಕಕ್ಕೂ ಬಾಗಿ ತಿರುಗುತ್ತದೆ. ಸೊಂಟ ಒಂದು ದಿಕ್ಕಿಗೂ ಹೆಗಲು ಇನ್ನೊಂದು ದಿಕ್ಕಿಗೂ ಮುಖಮಾಡಿದ್ದರೆ ಕೆಳಬೆನ್ನನ್ನು ಬಟ್ಟೆ ಹಿಂಡಿದಂತೆ ಹಿಂಡುತ್ತದೆ. ಬಿರುಕು ಸಾಮಾನ್ಯವಾಗಿ ಎಸೆಯುವ ಕೈಗೆ ಎದುರು ಬದಿಯಲ್ಲಿ ಬರುವುದು ಇದರಿಂದಲೇ. ಬೆಳೆಯುವ ಹುಡುಗರ ಮೂಳೆ ಮೊದಲು ಉದ್ದವಾಗುತ್ತದೆ, ಗಟ್ಟಿಯಾಗುವುದು ಆಮೇಲೆ. ಆ ನಡುವಣ ಕಾಲ ಬಹಳ ಅಪಾಯದ್ದು. ಇಂಗ್ಲೆಂಡ್, ಆಸ್ಟ್ರೇಲಿಯಗಳಲ್ಲಿ ಎಳೆಯ ಬೌಲರುಗಳು ಎಷ್ಟು ಬೌಲ್ ಮಾಡಬಹುದೆಂದು ವಯಸ್ಸಿಗೆ ತಕ್ಕ ಮಿತಿಯನ್ನು ಇಟ್ಟಿರುವುದು ಈ ಕಾರಣದಿಂದ. ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಬೆನ್ನಿನ ತೊಂದರೆಯಿಂದಲೇ ಜಸ್‌ಪ್ರೀತ್ ಬುಮ್ರಾ ೨೦೨೨ರ ಟಿ-ಟ್ವೆಂಟಿ ವಿಶ್ವಕಪ್ಪಿನಲ್ಲಿ ಆಡಲಾಗಲಿಲ್ಲ.

ಹುಡುಗ ನನ್ನ ಬಳಿ ಬಂದು ಕುಳಿತು, ಬಹಳ ಹೊತ್ತಾದ ಮೇಲೆ, “ತಾತ, ನಾನು ಇನ್ನು ಬೌಲ್ ಮಾಡುವ ಹಾಗೇ ಇಲ್ಲವೆ?” ಎಂದು ಕೇಳಿದನು. ಅವನಿಗೆ ನಾನು ಡೆನ್ನಿಸ್ ಲಿಲ್ಲಿಯ ಕಥೆಯನ್ನು ಹೇಳಿದೆ. ಆಸ್ಟ್ರೇಲಿಯದ ಆ ವೇಗದ ಬೌಲರಿಗೆ ೧೯೭೩ರ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಬೆನ್ನುಮೂಳೆಯಲ್ಲಿ ಇಂಥವೇ ಬಿರುಕುಗಳು ಕಂಡವು. ಆಟ ಮುಗಿಯಿತೆಂದು ಅನೇಕರು ಎಣಿಸಿದ್ದರು. ಪಶ್ಚಿಮ ಆಸ್ಟ್ರೇಲಿಯ ವಿಶ್ವವಿದ್ಯಾನಿಲಯದಲ್ಲಿ ವ್ಯಾಯಾಮಶಾಸ್ತ್ರವನ್ನು ಬೋಧಿಸುತ್ತಿದ್ದ ಫ್ರ್ಯಾಂಕ್ ಪೈಕ್ ಅವರು ಮೈಯನ್ನು ಮತ್ತೆ ಕಟ್ಟುವ ಒಂದು ಕ್ರಮವನ್ನು ಅವರಿಗೆ ಹಾಕಿಕೊಟ್ಟರು. ಅವರು ಆ ಕ್ರಮವನ್ನು ಬಿಡದೆ ನಡೆಸಿ, ಎಸೆತದ ರೀತಿಯನ್ನೂ ತಿದ್ದಿಕೊಂಡು ೧೯೭೪–೭೫ರ ಆ್ಯಷಸ್ ಸರಣಿಗೆ ಮರಳಿ ೨೫ ವಿಕೆಟ್ ಪಡೆದರು. ಆಟ ಬಿಡುವ ಹೊತ್ತಿಗೆ ಟೆಸ್ಟಿನಲ್ಲಿ ೩೫೫ ವಿಕೆಟ್ ಆಗಿದ್ದವು. ಮುಂದೆ ೧೯೮೭ರಲ್ಲಿ ಮದರಾಸಿನಲ್ಲಿ ಎಂ.ಆರ್.ಎಫ್. ಪೇಸ್ ಫೌಂಡೇಷನ್ ಆರಂಭವಾದಾಗ ಎಳೆಯರಿಗೆ ಕಲಿಸಲು ಬಂದವರೂ ಅವರೇ. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥರು ಅಲ್ಲಿ ತರಬೇತಿ ಪಡೆದವರು. ಮುರಿದ ಬೆನ್ನಿನಿಂದ ಬಂದ ತಿಳಿವಳಿಕೆ ಹೀಗೆ ನಮ್ಮ ನಾಡಿನವರೆಗೂ ಹರಿದುಬಂದಿತು.

ಹುಡುಗ ಆರು ತಿಂಗಳು ಚೆಂಡನ್ನು ಮುಟ್ಟಲಿಲ್ಲ. ವೈದ್ಯರು ಒಪ್ಪಿದ ಮೇಲೆ ಫಿಸಿಯೋಥೆರಪಿಯವರು ಅವನ ಹಳೆಯ ವಿಡಿಯೋವನ್ನು ನೋಡಿ, ಸೊಂಟಕ್ಕೂ ಹೆಗಲಿಗೂ ಹೊಂದಿಕೆಯಿಲ್ಲದುದನ್ನು ತೋರಿಸಿಕೊಟ್ಟರು. ಅವರು ಹಾಕಿಕೊಟ್ಟ ಅಭ್ಯಾಸವನ್ನು ನೋಡಿದಾಗ ನನಗೆ ಆಶ್ಚರ್ಯವಾಯಿತು. ಮೊದಲು ಚೆಂಡಿಲ್ಲದೆ ನಿಂತಲ್ಲಿಯೇ ಮುಂಗಾಲು ಮತ್ತು ಕೈ. ಆಮೇಲೆ ಹಿಂಗಾಲು ಮತ್ತು ಮುಂಗಾಲು. ಆಮೇಲೆ ನೆಗೆತ ಮತ್ತು ಹಿಂಗಾಲು. ಮೂರು ಹೆಜ್ಜೆಯ ನಡಿಗೆ, ಅರ್ಧ ಓಟ, ಕಡೆಗೆ ಪೂರ್ಣ ಓಟ. ಇದು ಕ್ರಮಪಾಠವಲ್ಲದೆ ಮತ್ತೇನು? ನನ್ನ ಪಾಲಿಗೆ ಬಂದ ಕೆಲಸ ಲೆಕ್ಕದ್ದು. ಒಂದು ನೋಟ್ ಪುಸ್ತಕದಲ್ಲಿ ದಿನಕ್ಕೆ ಎಷ್ಟು ಚೆಂಡು, ಎಷ್ಟು ನಿಮಿಷ, ಶ್ರಮ ಹತ್ತರಲ್ಲಿ ಎಷ್ಟೆನಿಸಿತು, ನಿದ್ರೆ ಎಷ್ಟು, ನೋವುಂಟೋ ಇಲ್ಲವೋ ಎಂದು ಐದು ಕಂಬಗಳನ್ನು ಗೆರೆ ಎಳೆದುಕೊಟ್ಟೆ. ನಿಮಿಷಗಳನ್ನು ಶ್ರಮದ ಅಂಕದಿಂದ ಗುಣಿಸಿ ವಾರಕ್ಕೊಮ್ಮೆ ಕೂಡಿದರೆ ಭಾರ ಏರುತ್ತಿದೆಯೆ ಇಳಿಯುತ್ತಿದೆಯೆ ತಿಳಿಯುತ್ತದೆ. ಇಂದಿನ ತರಬೇತುದಾರರು ಬಳಸುವ ಪದ್ಧತಿಯೇ ಇದು. ಭಾರ ಏರಬೇಕು, ಆದರೆ ಮೆಟ್ಟಿಲು ಹಾರಿ ಏರಬಾರದು. ಭಾನುವಾರ ಸಂಜೆ ಹುಡುಗ ಪುಸ್ತಕವನ್ನು ತಂದು ತೋರಿಸುತ್ತಾನೆ, ಅವನ ತಂದೆ ಕೂಡುತ್ತಾರೆ, ನಾನು ಸರಿನೋಡುತ್ತೇನೆ.

ಆ ವರ್ಷದ ಆಯ್ಕೆ ತಪ್ಪಿತು. ಮರುವರ್ಷವೂ ಅವನ ಹೆಸರು ಬರಲಿಲ್ಲ. ಮುಂದೆ ಬಂದೀತೋ ಬಾರದೋ ಯಾರು ಬಲ್ಲರು? ಅವನೀಗ ನೋವಿಲ್ಲದೆ ಬೌಲ್ ಮಾಡುತ್ತಾನೆ. ಅಟ್ಟದ ಡಬ್ಬಿಯನ್ನೂ ತೆಗೆದುಕೊಡುತ್ತಾನೆ. ಎರಡನೆಯದು ಮೊದಲನೆಯದಕ್ಕಿಂತ ಚಿಕ್ಕ ಲಾಭವೆಂದು ಅವನ ತಾಯಿ ಎಣಿಸಿಲ್ಲ.

ಮಕ್ಕಳನ್ನು ಬಯಲಿಗೆ ಕಳುಹಿಸುವ ಮನೆಯವರಲ್ಲಿ ನನ್ನ ಬಿನ್ನಹ ಇಷ್ಟೆ. ಕಲಿಸುವವರನ್ನು ಮೂರು ಮಾತು ಕೇಳಿರಿ. ನಮ್ಮ ಮಗು ಎಲ್ಲಿ ತಪ್ಪುತ್ತಿದೆಯೆಂದು ಬೆರಳಿಟ್ಟು ತೋರಿಸಬಲ್ಲಿರಾ? ಈ ವಾರ ಒಟ್ಟು ಎಷ್ಟು ಮಾಡಿತು, ಹೋದ ವಾರ ಎಷ್ಟು ಮಾಡಿತ್ತು? ಅದಕ್ಕೆ ಅನಧ್ಯಾಯ ಯಾವಾಗ? ಮೂರಕ್ಕೂ ಉತ್ತರ ಹೇಳಬಲ್ಲವರು ದೊಡ್ಡ ಊರಿನಲ್ಲಿಯೇ ಇರಬೇಕೆಂದಿಲ್ಲ. ಕೆಮ್ಮಣ್ಣಿನ ಮಟ್ಟಿಯಲ್ಲಿ ಹುಡುಗರನ್ನು ತಯಾರು ಮಾಡಿದ ಹಳೆಯ ಉಸ್ತಾದರಲ್ಲಿ ಅನೇಕರಿಗೆ ಈ ಉತ್ತರಗಳು ಬಾಯಲ್ಲೇ ಇದ್ದವು. ಯಾವನಿಗೆ ಇಂದು ದಂಡ ಹೆಚ್ಚಿಸಬೇಕು, ಯಾವನನ್ನು ಬರಿಯ ಮಟ್ಟಿ ಗುದ್ದಲು ಬಿಡಬೇಕು, ಯಾವನನ್ನು ಮನೆಗೆ ಕಳುಹಿಸಬೇಕು ಎಂಬುದನ್ನು ಅವರು ಹುಡುಗನ ಮುಖ ನೋಡಿ ಹೇಳುತ್ತಿದ್ದರು. ಅಂಥವರು ಸಿಕ್ಕಿದರೆ ಮಗುವಿನ ಭಾಗ್ಯ. ಸಿಗದಿದ್ದರೆ ಒಂದು ನೋಟ್ ಪುಸ್ತಕವೂ ಕೂಡಲು ಬರುವ ಒಬ್ಬ ಹಿರಿಯರೂ ಮನೆಯಲ್ಲಿದ್ದರೆ ಅರ್ಧ ಕೆಲಸ ಆದಂತೆಯೇ. ಮಗುವನ್ನು ಮುಂದಕ್ಕೆ ತಳ್ಳುವ ಕೈಗಳು ಲೋಕದಲ್ಲಿ ಬೇಕಾದಷ್ಟಿವೆ. ಇಂದಿಗೆ ಸಾಕು ಎಂದು ಹೇಳುವ ಬಾಯಿ ಮನೆಯಲ್ಲೊಂದಿರಲಿ.